ಗಂಗಾಂಬಿಕೆಯ ಭಾನುವಾರಗಳು

ಕೊಪ್ಪದಿಂದ ಹರಿಹರಪುರಕ್ಕೆ ಹೋಗುವ ದಾರಿಯಲ್ಲಿ ಮೂವತ್ತು ಹಾಸಿಗೆಯ ಒಂದು ಟ್ರಸ್ಟ್ ಆಸ್ಪತ್ರೆ ಇತ್ತು. ಅಲ್ಲಿಗೆ ಡಾಕ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬರಿಗೆ ಜಿಗಣೆ ಆಗುತ್ತಿರಲಿಲ್ಲ, ಇನ್ನೊಬ್ಬರ ಹೆಂಡತಿಗೆ ಊರು ಹಿಡಿಸುತ್ತಿರಲಿಲ್ಲ. ಹದಿನೆಂಟು ವರ್ಷ ಕದಲದೆ ನಿಂತವಳು ಗಂಗಾಂಬಿಕೆ ಸಿಸ್ಟರ್ ಒಬ್ಬಳೇ. ಎನ್.ಆರ್.ಪುರದ ಕಡೆಯ ಗದ್ದೆ ಮನೆಯವಳು, ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಗಂಡು ನೋಡೋಕೆ ಬಂದ ದಿನ ಎಲ್ಲಾ ನಂಗೆ ಡ್ಯೂಟಿ ಇತ್ತು ಮಾರಾಯ್ರೇ" ಎನ್ನುತ್ತಿದ್ದಳು. ಅದು ಪೂರಾ ಸುಳ್ಳೂ ಅಲ್ಲ.

ವಾಂತಿಭೇದಿಯಾಗಿ ಒಣಗಿ ಬಂದ ಮಗುವಿನ ಕೈಯಲ್ಲಿ ನರ ಹುಡುಕುವುದೆಂದರೆ ದೊಡ್ಡ ದೊಡ್ಡ ಓದು ಓದಿದವರೂ ಬೆವರುತ್ತಾರೆ. ಗಂಗಾಂಬಿಕೆ ಆ ಪುಟ್ಟ ಮುಂಗೈಯನ್ನು ತನ್ನ ಹೆಬ್ಬೆರಳಿನಲ್ಲಿ ಎರಡು ಸಲ ಸವರಿ, ಮಗುವಿನ ಹತ್ತಿರ ಏನೋ ಮಾತಾಡುತ್ತ, ಮಾತು ಮುಗಿಯುವುದರೊಳಗೆ ಸೂಜಿ ಹಾಕಿ ಮುಗಿಸಿರುತ್ತಿದ್ದಳು. ಬಾಯಿ ಮಾತ್ರ ಬಲು ಜೋರು. "ಮೂಗಿಗೆ ಎಣ್ಣೆ ಬಿಟ್ರಾ? ಯಾರು ಹೇಳಿದ್ದು ನಿಮ್ಗೆ? ಮಗು ಮೂಗೋ ಅದು, ಬಾಗಿಲ ತಿರುಗಣಿಯೋ?" ಎಂದು ಅಜ್ಜಿಯರನ್ನೂ ಬಿಡದೆ ಬೈಯುವಳು. ಬೈಸಿಕೊಂಡ ಅಜ್ಜಿಯರೇ ಮುಂದಿನ ಸಲ ಬಂದು, "ಆ ಬೈಯೋ ಸಿಸ್ಟರ್ ಇದಾರಾ?" ಎಂದು ಮೊದಲು ವಿಚಾರಿಸುತ್ತಿದ್ದರು.

ಇಂಥವಳಿಗೆ ಓದಿನ ಹುಚ್ಚು ಹಿಡಿದದ್ದು ಮೂವತ್ತಮೂರನೇ ವಯಸ್ಸಿನಲ್ಲಿ. ಇದ್ದದ್ದು ಮೂರು ವರ್ಷದ ಡಿಪ್ಲೊಮಾ. ಕೆಲಸಕ್ಕೆ ಅದು ಧಾರಾಳವಾಗಿತ್ತು. ಆದರೂ ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು, ರಜೆಗಳನ್ನೆಲ್ಲ ಮಂಗಳೂರಿನ ತರಗತಿಗಳಿಗೆ ಸುರಿದು, ಮೂರು ವರ್ಷ ಒದ್ದಾಡಿ ನರ್ಸಿಂಗ್ ಪದವಿ ಮಾಡಿಕೊಂಡಳು. ಈ ವಯಸ್ಸಲ್ಲಿ ಇವಳಿಗೆಂಥಕ್ಕೆ ಬಂತಪ್ಪ ಇದು ಎಂದು ಆಸ್ಪತ್ರೆಯವರೆಲ್ಲ ಬೆರಗಾದರು. ಕಾರಣ ಅವಳಿಗೊಬ್ಬಳಿಗೇ ಗೊತ್ತಿತ್ತು, ಅಥವಾ ಹಾಗೆಂದು ಅವಳು ತಿಳಿದಿದ್ದಳು.

ಕಾರಣದ ಹೆಸರು ಶಶಾಂಕ. ಗಂಗಾಂಬಿಕೆಯ ಚಿಕ್ಕಮ್ಮನ ಮಗಳು ದೇವಕಿಯ ಮಗ.

ದೇವಕಿಯನ್ನು ಗಂಗಾಂಬಿಕೆ ಸೊಂಟದ ಮೇಲೆ ಎತ್ತಿ ಬೆಳೆಸಿದವಳು. ಸ್ಲೇಟಿನ ಮೇಲೆ ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ಆ ಹುಡುಗಿಯನ್ನು ಶೃಂಗೇರಿ ತಾಲೂಕಿನ ಅಡ್ಡಗದ್ದೆಯ ಮೇಲಿನಮನೆಗೆ ಕೊಟ್ಟರು. ಒಳ್ಳೆಯ ಮನೆ, ಹುಡುಗ ರಘುಪತಿಯೂ ಮೆದು. ಒಂದೇ ತೊಡಕು, ಅತ್ತೆಯ ಹೆಸರೂ ದೇವಕಿ. ಸೊಸೆಯನ್ನು ಕೂಗಿದರೆ ಅತ್ತೆಯನ್ನು ಕೂಗಿದಂತಾಗುತ್ತದೆ. ಹೆತ್ತವಳ ಹೆಸರು ಹಿಡಿದು ಹೆಂಡತಿಯನ್ನು ಕರೆಯಲು ಗಂಡನಿಗೂ ಬಾಯಿ ಬರುವುದಿಲ್ಲ. ಇಂಥ ಕಡೆ ಹೆಸರು ಬದಲಾಯಿಸುವುದು ನಮ್ಮಲ್ಲಿ ಹೊಸದೇನಲ್ಲ. ಧಾರೆಯಾದ ಮೇಲೆ ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಸಿದರು: ಭವ್ಯ. ಅವತ್ತಿನಿಂದ ಅಡ್ಡಗದ್ದೆಯಲ್ಲಿ ಅವಳು ಭವ್ಯ, ತವರಿನಲ್ಲಿ ದೇವಕಿ. ಎರಡು ಊರಿಗೆ ಎರಡು ಹೆಸರು, ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ.

ಮೊದಲ ಬಸಿರು ಮೂರು ತಿಂಗಳಿಗೆ ಇಳಿದುಹೋಯಿತು. ಎರಡನೆಯದಕ್ಕೆ ತವರಿಗೆ ಬಂದಳು. ಎರಡು ಸಾವಿರದ ಒಂದರ ಫೆಬ್ರವರಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ನೋವು ಶುರುವಾಗಿ, "ಗಂಗಕ್ಕ ಇರೋ ಕಡೆಗೇ ಕರ್ಕೊಂಡು ಹೋಗಿ" ಎಂದು ಹಟ ಹಿಡಿದು ಜೀಪಿನಲ್ಲಿ ಬಂದಳು. ಗಂಗಾಂಬಿಕೆಯ ಡ್ಯೂಟಿಯೇ. ದಾಖಲಾತಿ ಹಾಳೆ ತೆಗೆದು ಅವಳೇ ಹೆಸರು ಬರೆದಳು: ದೇವಕಿ. ಹುಟ್ಟಿದಾಗಿನಿಂದ ಕರೆದ ಹೆಸರು ಬಿಟ್ಟು ಬೇರೆ ಬರೆಯುವುದು ಅವಳಿಗೆ ಹೊಳೆಯಲೇ ಇಲ್ಲ.

"ನಿನ್ನ ರಕ್ತದ ಗುಂಪು ಯಾವ್ದೇ?"

"ಚೀಟಿ ಅತ್ತೆ ಹತ್ರ ಇದೆ ಅಕ್ಕ... ಅಯ್ಯೋ ಅಮ್ಮಾ!"

ಭಾನುವಾರ, ರಕ್ತ ಪರೀಕ್ಷೆ ಮಾಡುವವನು ರಜ. ಅಡ್ಡಗದ್ದೆಗೆ ಫೋನ್ ಮಾಡಿದರೆ ಲೈನ್ ಸತ್ತುಬಿದ್ದಿತ್ತು. ಆಗ ಗಂಗಾಂಬಿಕೆಗೆ ನೆನಪಾದದ್ದು ಟ್ರಸ್ಟಿನವರು ಹಿಂದಿನ ಮಳೆಗಾಲ ಮುಗಿದ ಮೇಲೆ ಅಡ್ಡಗದ್ದೆಯಲ್ಲಿ ಮಾಡಿದ್ದ ಶಿಬಿರ. ಹೆಂಗಸರ ರಕ್ತ ತೆಗೆದು ಗುಂಪು ಬರೆದಿಟ್ಟ ರಿಜಿಸ್ಟರ್ ಬೀರುವಿನಲ್ಲೇ ಇತ್ತು. ಬಸುರಿಯರ ಪುಟ ತೆಗೆದಳು. ದೇವಕಿ ಎಂಬ ಹೆಸರಿಲ್ಲ. ಗುಮಾಸ್ತ ಗಡಿಬಿಡಿಯಲ್ಲಿ ಬೇರೆ ಪುಟದಲ್ಲಿ ಬರೆದಿರಬೇಕು ಎಂದುಕೊಂಡು ಉಳಿದ ಹೆಂಗಸರ ಪುಟಕ್ಕೆ ಹೋದಳು. ಅಲ್ಲಿತ್ತು. ದೇವಕಿ, ಮೇಲಿನಮನೆ, ಅಡ್ಡಗದ್ದೆ. ಬಿ ಪಾಸಿಟಿವ್. ಹೆಸರು ಸರಿ, ಮನೆ ಸರಿ, ಊರು ಸರಿ. ಒಳಗಿನಿಂದ ದೇವಕಿ ಕೂಗುತ್ತಿದ್ದಳು. ಗಂಗಾಂಬಿಕೆ ಬಿ ಪಾಸಿಟಿವ್ ಎಂದು ಹಾಳೆಗೆ ಇಳಿಸಿ ಓಡಿದಳು.

ಅವಳು ಬರೆದದ್ದು ಅತ್ತೆಯ ರಕ್ತ.

ಮಧ್ಯಾಹ್ನದ ಹೊತ್ತಿಗೆ ಗಂಡು ಮಗು ಹುಟ್ಟಿತು, ಒಳ್ಳೆ ಗುಂಡು ಗುಂಡಾಗಿ. ಮಾರನೆಯ ದಿನ ಬೆಳಿಗ್ಗೆ ಮಗುವನ್ನು ಕಿಟಕಿಯ ಬಳಿ ಎತ್ತಿ ಹಿಡಿದಾಗ ಗಂಗಾಂಬಿಕೆಗೆ ಅದರ ಬಣ್ಣ ಸರಿ ಕಾಣಲಿಲ್ಲ. ಹಣೆಯ ಮೇಲೆ ಬೆರಳೊತ್ತಿ ತೆಗೆದರೆ ಅರಿಶಿನ ಬಣ್ಣ. ಮೂರನೆಯ ದಿನ ಕಾಣುವ ಹಳದಿ ಬೇರೆ, ಹುಟ್ಟಿ ಇಪ್ಪತ್ತನಾಲ್ಕು ಗಂಟೆಯೊಳಗೆ ಬರುವ, ಜೀವಕ್ಕೆ ಅಪಾಯವಾಗುವ ಹಳದಿ ಬೇರೆ. ಇದು ಅವಳಿಗೆ ಗೊತ್ತಿತ್ತು. ಡಾಕ್ಟರಿಗೆ ಹೋಗಿ ಹೇಳಿದಳು. ಆ ವರ್ಷ ಇದ್ದವರು ಹೊಸಬರು, ಕೆಟ್ಟವರಲ್ಲ. ಹಾಳೆ ನೋಡಿದರು. "ತಾಯಿ ಪಾಸಿಟಿವ್ ಇದಾರಲ್ಲ ಸಿಸ್ಟರ್. ಬೆಳಗಿನ ಬಿಸಿಲಿಗೆ ಹಿಡೀರಿ, ಎರಡು ದಿನದಲ್ಲಿ ಇಳಿಯುತ್ತೆ" ಎಂದರು.

ಬೇರೆ ದಿನವಾಗಿದ್ದರೆ ಗಂಗಾಂಬಿಕೆ ಜಗಳಕ್ಕೇ ನಿಲ್ಲುತ್ತಿದ್ದಳು. ಅವತ್ತು ಹಾಳೆ ನೋಡಿ ಅವಳಿಗೂ ಸಮಾಧಾನವಾಯಿತು. ಅಯ್ಯೋ, ತನ್ನ ಕಣ್ಣು ಹೇಳಿದ್ದನ್ನು ಬಿಟ್ಟು ತನ್ನ ಕೈಬರಹವನ್ನೇ ನಂಬಿಬಿಟ್ಟಳು! ಮಂಗಳವಾರ ಸಂಜೆ ಮಗು ಹಾಲು ಬಿಟ್ಟಿತು. ಬುಧವಾರ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಕೀರಲು ದನಿಯಲ್ಲಿ ಚೀರತೊಡಗಿತು. ಕಾರು ಮಾಡಿಕೊಂಡು ಘಟ್ಟ ಇಳಿಸಿ ಕರಾವಳಿಯ ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿ ಮೊದಲು ತಾಯಿಯ ರಕ್ತ ನೋಡಿದರು. ಬಿ ನೆಗೆಟಿವ್. ಮಗುವಿನದು ಪಾಸಿಟಿವ್. ಎರಡೂ ಹೊಂದದೆ, ಹುಟ್ಟುವ ಮೊದಲೇ ಮಗುವಿನ ರಕ್ತ ಒಡೆಯತೊಡಗಿತ್ತು. ಮೈಯ ರಕ್ತವನ್ನೆಲ್ಲ ಬದಲಾಯಿಸಿ ಜೀವ ಉಳಿಸಿಕೊಟ್ಟರು. ಆದರೆ ಹಳದಿ ಅಷ್ಟರಲ್ಲಿ ಮಿದುಳಿಗೆ ಏರಿಯಾಗಿತ್ತು.

ಆ ವಾರವೇ ಗಂಗಾಂಬಿಕೆ ರಿಜಿಸ್ಟರ್ ತೆಗೆದು ಬಸುರಿಯರ ಪುಟವನ್ನು ಇನ್ನೊಮ್ಮೆ ನೋಡಿದಳು. ನಾಲ್ಕನೆಯ ಸಾಲು. ಭವ್ಯ, ಮೇಲಿನಮನೆ, ಅಡ್ಡಗದ್ದೆ, ಬಿ ನೆಗೆಟಿವ್. ಅವಳು ಹೊಸ ಹೆಸರಿಗೆ ಅಕ್ಷತೆ ಹಾಕಿ ಬಂದವಳು. ಗೊತ್ತಿದ್ದೂ ಗೊತ್ತಾಗಲಿಲ್ಲ. ಯಾರೂ ಅವಳನ್ನು ಕೇಳಲಿಲ್ಲ. ಡಾಕ್ಟರು ಬೇರೆಡೆಗೆ ಹೋದರು. ಹಾಳೆ ಫೈಲು ಸೇರಿತು. ಬಂಧುಗಳೆಲ್ಲ "ಹಣೆಬರಹ" ಎಂದು ಒಂದು ಮಾತಿನಲ್ಲಿ ಮುಗಿಸಿದರು. ಆ ಮಾತು ಕೇಳಿದಾಗಲೆಲ್ಲ ಗಂಗಾಂಬಿಕೆ ಅಲ್ಲಿಂದ ಎದ್ದು ಹೋಗುತ್ತಿದ್ದಳು.

ಹೇಳಿಬಿಡಬೇಕು ಎಂದು ಅಡ್ಡಗದ್ದೆಗೆ ಹೋದಳು, ನಿಜ. ಮಗುವಿಗೆ ಮೂರು ತಿಂಗಳಿದ್ದಾಗ, ಒಂದು ಭಾನುವಾರ. ಬಾಗಿಲಲ್ಲೇ ದೇವಕಿ ಅವಳ ಕೊರಳಿಗೆ ಬಿದ್ದು ಅತ್ತಳು. "ನೀನಿಲ್ದಿದ್ರೆ ಇವನು ಉಳೀತಿರ್ಲಿಲ್ಲ ಗಂಗಕ್ಕ" ಎಂದಳು. ಆಮೇಲೆ ಹೇಳುವುದು ಹೇಗೆ? ಮುಂದಿನ ಭಾನುವಾರ ಹೇಳಿದರಾಯಿತು ಎಂದುಕೊಂಡಳು. ಮುಂದಿನ ಭಾನುವಾರ ಹೋದಳು, ಹೇಳಲಿಲ್ಲ. ಸೆಟೆದ ಕೈಕಾಲು ಸಡಿಲಿಸುವ ವ್ಯಾಯಾಮವನ್ನು ದೊಡ್ಡಾಸ್ಪತ್ರೆಯಲ್ಲಿ ಕಲಿತು ಬಂದು ದೇವಕಿಗೂ ತೋರಿಸಿಕೊಟ್ಟು, ಭಾನುವಾರದ ಸರದಿ ತನ್ನದೆಂದು ಹಿಡಿದಳು. ಬೆಳಗಿನ ಬಸ್ಸಿಗೆ ಹರಿಹರಪುರ ದಾಟಿ ಶೃಂಗೇರಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಅಡ್ಡಗದ್ದೆ. ಪದವಿಯ ಪುಸ್ತಕ ಓದಿದ್ದೆಲ್ಲ ಆ ಬಸ್ಸುಗಳಲ್ಲೇ. ಶಶಾಂಕ ಅವಳ ದನಿ ಕೇಳಿದರೆ ಸಾಕು, ಬಾಯಿ ಓರೆ ಮಾಡಿಕೊಂಡು ನಗುವನು. ಮಾತಿಲ್ಲ, ಕತ್ತು ನಿಲ್ಲುವುದಿಲ್ಲ, ಕಿವಿಯೂ ಅರ್ಧ. ಅತ್ತೆ ದೇವಕಮ್ಮ ಕಾಫಿ ತಂದಿಟ್ಟು, "ಎಂಥ ಪುಣ್ಯಾತ್ಗಿತ್ತಿ ಮಾರಾಯ್ತಿ ನೀನು" ಎನ್ನುವರು. ಗಂಗಾಂಬಿಕೆ ಆ ಕಾಫಿ ಕುಡಿಯುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಪದವಿ ಮುಗಿದ ಮರುವರ್ಷ, ಎರಡು ಸಾವಿರದ ಆರರಲ್ಲಿ, ಟ್ರಸ್ಟಿನ ಕಾರ್ಯದರ್ಶಿ ರೇಣುಕಪ್ಪನವರು ಅವಳನ್ನು ಕರೆಸಿದರು. "ಏನಮ್ಮಾ ಗಂಗಾಂಬಿಕೆ, ಇಷ್ಟು ಓದಿದ್ದೀಯ, ಇನ್ನೊಂದೆರಡು ವರ್ಷ ಓದು. ಮಕ್ಕಳ ವಿಭಾಗ ಬೇರೆ ಕಟ್ಟಬೇಕು ಅಂತಿದ್ದೀವಿ. ನಾವೇ ಕಳಿಸ್ತೀವಿ. ನಲವತ್ತರ ಒಳಗಿರಬೇಕು, ಅದೊಂದೇ ನಿಯಮ" ಎಂದರು.

ಅವಳು ನೇರ ಮೇಟ್ರನ್ ವನಜಮ್ಮನವರ ಕೋಣೆಗೆ ಹೋದಳು. ವನಜಮ್ಮ ನಿವೃತ್ತಿಯ ಅಂಚಿನಲ್ಲಿದ್ದ, ಯಾವುದನ್ನೂ ಸಿಹಿ ಮಾಡಿ ಹೇಳಲು ಬಾರದ ಹೆಂಗಸು.

"ಕೂತ್ಕೋ. ಆಗಷ್ಟೇ ಹುಟ್ಟಿದ ಮಕ್ಕಳ ಆರೈಕೆದು ಒಂದು ವರ್ಷದ ಡಿಪ್ಲೊಮಾ ಉಂಟು. ಬೇಗ ಮುಗೀತದೆ, ವಾರ್ಡಲ್ಲೇ ಇರಬಹುದು. ಆದ್ರೆ ಡಿಗ್ರಿ ಅಲ್ಲ, ಯಾರೂ ಕ್ಯಾರೇ ಅನ್ನಲ್ಲ. ಎಂ.ಎಸ್ಸಿ. ಅಂದ್ರೆ ಎರಡು ವರ್ಷ. ಅದ್ರಲ್ಲಿ ಐದು ದಾರಿ. ಬಾಣಂತಿಯರದ್ದು, ಊರು ಮನೆ ಆರೋಗ್ಯದ್ದು, ಮಾನಸಿಕದ್ದು, ಆಪರೇಷನ್ ಕಡೇದು, ಕೊನೇದು ಮಕ್ಕಳದ್ದು. ನೀನು ಹೋದ್ರೆ ಮಕ್ಕಳದ್ದಕ್ಕೇ ಹೋಗ್ತೀಯ, ನಂಗೊತ್ತು. ಮಕ್ಕಳದ್ದಕ್ಕೆ ಸೀಟು ಕಮ್ಮಿ, ಸಿಕ್ಕರೆ ನಿನ್ನ ಪುಣ್ಯ."

"ಅದು ಮಾಡಿದ್ರೆ ಮಗು ನೋಡಿ ಇದು ಇಂಥದ್ದು ಅಂತ ನಾನೇ ಬರೀಬಹುದಾ?"

ವನಜಮ್ಮ ಕನ್ನಡಕ ತೆಗೆದರು. "ಇಲ್ಲ ಕಣೇ. ನನ್ನ ಜೊತೆ ಓದಿದ ಕೇರಳದವಳೊಬ್ಬಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ನರ್ಸುಗಳು ಮಕ್ಕಳದ್ದರಲ್ಲೇ ಎಂ.ಎಸ್ಸಿ. ಥರದ್ದು ಮಾಡಿ, ಮೇಲೊಂದು ಪರೀಕ್ಷೆ ಪಾಸಾದ್ರೆ, ತಾವೇ ಮಗು ಪರೀಕ್ಷೆ ಮಾಡಿ ಔಷಧಿ ಬರೀತಾರಂತೆ. ಕಾಗದ ಬರೆದಿದ್ಲು. ಇಲ್ಲಿ ಎಂ.ಎಸ್ಸಿ. ಮಾಡಿದವರನ್ನ ಪಾಠ ಹೇಳೋಕೆ ಕೂರಿಸ್ತಾರೆ. ನೀನು ಎಷ್ಟೇ ಓದು, ಸಹಿ ಡಾಕ್ಟ್ರದ್ದೇ."

"ಸಹಿ ಬೇಡ ವನಜಮ್ಮ. ನಾನು ಹೇಳಿದ್ದಕ್ಕೆ ತೂಕ ಬಂದ್ರೆ ಸಾಕು."

"ನಿನ್ನ ಮಾತಿಗೆ ಈಗೇನು ತೂಕ ಕಮ್ಮಿ? ಡಾಕ್ಟ್ರುಗಳೇ ಹೆದರ್ತಾರೆ."

ಗಂಗಾಂಬಿಕೆ ಕುರ್ಚಿ ಬಿಟ್ಟು ಎದ್ದಳು. ತೂಕ ಬೇಕಾಗಿದ್ದುದು ಡಾಕ್ಟರ ಮುಂದಲ್ಲ, ತನ್ನ ಮುಂದೆ. ತನ್ನ ಕಣ್ಣು ಒಂದು ಹೇಳಿ ಹಾಳೆ ಇನ್ನೊಂದು ಹೇಳಿದಾಗ ಕಣ್ಣನ್ನು ನಂಬುವಷ್ಟು ಓದಿಕೊಳ್ಳಬೇಕಿತ್ತು ಅವಳಿಗೆ. ಇದನ್ನು ಯಾರ ಹತ್ತಿರ ಹೇಳುವುದು?

ಆದರೂ ಆ ವರ್ಷ ಹೋಗಲಿಲ್ಲ. ಅರ್ಜಿ ತುಂಬಿದ್ದಳು, ಸಹಿ ಹಾಕುವ ಹೊತ್ತಿಗೆ ಶಶಾಂಕನ ನೆನಪಾಯಿತು. ಎರಡು ವರ್ಷ ಭಾನುವಾರ ತಪ್ಪಿದರೆ ಆ ಕಾಲು ಮತ್ತೆ ಸೆಟೆದುಕೊಳ್ಳುತ್ತದೆ. ಹಾಳು ಮಾಡಿದವಳು ತಾನು, ಈಗ ಪದವಿ ಹುಡುಕಿಕೊಂಡು ಹೋಗುವುದೆ? "ಮುಂದಿನ ವರ್ಷ ನೋಡೋಣ ಸಾರ್" ಎಂದಳು. ಮುಂದಿನ ವರ್ಷವೂ ಅದೇ ಮಾತು. ರೇಣುಕಪ್ಪನವರು ಬೇಸರಪಟ್ಟರು. ಎಂಟನೇ ಇಸವಿಯ ಜುಲೈನಲ್ಲಿ ಮೂರನೇ ಸಲ ಅರ್ಜಿ ಮೇಜಿನ ಮೇಲಿಟ್ಟು, "ಅಕ್ಟೋಬರಿಗೆ ನಿಂಗೆ ನಲವತ್ತು ತುಂಬುತ್ತೆ. ಇದು ಕೊನೇದು ಕಣಮ್ಮ. ಮಂಗಳವಾರದೊಳಗೆ ಹೇಳು, ಇಲ್ಲಾಂದ್ರೆ ಬೇರೆಯವರನ್ನ ಕಳಿಸ್ತೀವಿ" ಎಂದರು.

ಭಾನುವಾರ ಬಸ್ಸಿನಲ್ಲಿ ಅರ್ಜಿ ಅವಳ ಚೀಲದಲ್ಲಿತ್ತು. ಬೇಡ ಎಂದೇ ತೀರ್ಮಾನಿಸಿದ್ದಳು. ಆದರೆ ಬೇಡ ಎನ್ನುವ ಮೊದಲು, ಯಾಕೆ ಬೇಡ ಎಂಬುದನ್ನು ಈ ಸಲವಾದರೂ ದೇವಕಿಗೆ ಹೇಳಲೇಬೇಕು ಎನ್ನಿಸಿತ್ತು. ಏಳು ವರ್ಷದಿಂದ ಹೊತ್ತ ಭಾರ, ಬೆನ್ನು ಸೋತಿತ್ತು.

ಅತ್ತೆ, ರಘುಪತಿ ಇಬ್ಬರೂ ಶೃಂಗೇರಿಗೆ ನೆಂಟರ ಮನೆಯ ಒಂದು ಪೂಜೆಗೆ ಹೋಗಿದ್ದರು. ಶಶಾಂಕನನ್ನು ಜಗಲಿಯ ಚಾಪೆಯ ಮೇಲೆ ಮಲಗಿಸಿತ್ತು. ಏಳು ವರ್ಷದ ಹುಡುಗ, ಉದ್ದ ಬೆಳೆದಿದ್ದ. ಗಂಗಕ್ಕನ ದನಿಗೆ ಬಾಯಿ ಓರೆಯಾಯಿತು. ಅವಳು ಚಾಪೆಯ ಪಕ್ಕ ಕುಳಿತಳು, ಅವನನ್ನು ಮುಟ್ಟಲಿಲ್ಲ.

"ದೇವಕಿ, ಅವತ್ತು ಹಾಳೆ ಮೇಲೆ ನಿನ್ನ ರಕ್ತ ಬರೆದವಳು ನಾನು ಕಣೇ. ನಿನ್ನದಲ್ಲ ಅದು, ನಿಮ್ಮತ್ತೆದು. ರಿಜಿಸ್ಟರಲ್ಲಿ ಭವ್ಯ ಅಂತ ಹುಡುಕೋದು ಬಿಟ್ಟು..."

ದೇವಕಿ ಮಗನ ಬಾಯಿ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಅಕ್ಕ."

ಗಂಗಾಂಬಿಕೆ ತಲೆಯೆತ್ತಿದಳು.

"ಇವನ ಅಂಗವಿಕಲ ಸರ್ಟಿಫಿಕೇಟಿಗೆ ಹುಟ್ಟಿದ ಆಸ್ಪತ್ರೆ ಕಾಗದ ಬೇಕು ಅಂದ್ರು. ಮೂರು ವರ್ಷದ ಹಿಂದೆ. ನೀನು ಪರೀಕ್ಷೆಗೆ ಅಂತ ಮಂಗಳೂರಿಗೆ ಹೋಗಿದ್ದೆ, ಇವರೇ ಹೋಗಿ ನಕಲು ತಂದ್ರು. ಬಿ ಪಾಸಿಟಿವ್ ಅಂತ ಇತ್ತು ಅದ್ರಲ್ಲಿ. ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ? ನೀನೇ ಅಲ್ವಾ ತಿದ್ದಿಸಿದ್ದು."

"ಮೂರು ವರ್ಷ... ಒಂದ್ಮಾತು ಕೇಳ್ಬೇಕಿತ್ತಲ್ಲೇ. ಬೈಯಬೇಕಿತ್ತು."

"ಬೈದು?" ದೇವಕಿಯ ದನಿ ಮೊದಲ ಸಲ ಗಡುಸಾಯಿತು. "ಎಷ್ಟು ಸಲ ಬಾಯಿಗೆ ಬಂದಿದೆ ಗೊತ್ತಾ? ಕೊಂದು ಹಾಕ್ಬೇಕು ಅನ್ನೋಷ್ಟು ಸಿಟ್ಟು ಬಂದಿದೆ. ಆಮೇಲೆ ಅನ್ಸೋದು, ಭವ್ಯ ಅಂತ ಬರಿ ಅಕ್ಕ ಅಂತ ನಾನು ಹೇಳ್ಬಹುದಿತ್ತಲ್ಲ. ನೀನು ಹೆಸರು ಬರೆಯೋದು ನಾನು ನೋಡ್ತಾ ಇದ್ದೆ. ಎರಡು ವರ್ಷ ಆಗಿತ್ತು, ಎಲ್ಲರೂ ಭವ್ಯಾ ಭವ್ಯಾ ಅಂತ ಕರೆದು ಕರೆದು. ನೀನು ದೇವಕಿ ಅಂತ ಬರೆದೆ, ಅಷ್ಟು ನೋವಲ್ಲೂ ನಂಗೆ ಖುಷಿ ಆಯ್ತು. ಸುಮ್ನಿದ್ದೆ."

ಶಶಾಂಕ ಗಂಗಕ್ಕನ ಕಡೆಗೆ ಕಾಲು ಚಾಚಲು ಒದ್ದಾಡುತ್ತಿದ್ದ. ಭಾನುವಾರ ಅವಳು ಬಂದರೆ ಕಾಲು ತಿಕ್ಕುತ್ತಾಳೆ, ಅದು ಅವನಿಗೆ ಗೊತ್ತು.

ಗಂಗಾಂಬಿಕೆ ಅರ್ಜಿ ತೆಗೆದು ತೋರಿಸಿದಳು. ಎಂ.ಎಸ್ಸಿ.ಯ ವಿಷಯ, ಮಕ್ಕಳದ್ದರ ವಿಷಯ, ಎರಡು ಸಲ ಬಿಟ್ಟದ್ದು, ಇದು ಕೊನೆಯದು ಎಂಬುದು, ಎಲ್ಲ ಹೇಳಿದಳು. "ಬೇಡ ಅಂತ ಹೇಳ್ತೀನಿ ನಾಡಿದ್ದು. ಇವನನ್ನ ಬಿಟ್ಟು ಹೆಂಗೆ ಹೋಗಲಿ?"

"ಹೋಗು ಅಕ್ಕ."

"ಎರಡು ವರ್ಷ ಕಣೇ."

"ಎರಡು ವರ್ಷ ಆದ್ಮೇಲೂ ಭಾನುವಾರ ಬರ್ಬೇಡ." ದೇವಕಿ ಅಳುತ್ತಿರಲಿಲ್ಲ. ಬಹಳ ದಿನದಿಂದ ಒಳಗೇ ಹೇಳಿಕೊಂಡ ಮಾತನ್ನು ಈಗ ಒಂದೊಂದಾಗಿ ಹೊರಗೆ ಇಡುತ್ತಿದ್ದಳು. "ಸಿಟ್ಟಿಗೆ ಹೇಳ್ತಿಲ್ಲ ನಾನು. ಶನಿವಾರ ಬಂತು ಅಂದ್ರೆ ನಂಗೆ ನಿದ್ದೆ ಬರಲ್ಲ. ನೀನು ಬಂದು ಇವನ ಕಾಲು ಹಿಡಿದಾಗ ಆ ದಿನ ಹಂಗೇ ಕಣ್ಣ ಮುಂದೆ ಬರ್ತದೆ. ನಿಂಗೆ ಬರೋದು ಬೇಕಿತ್ತು, ಅದು ನಂಗೆ ಕಾಣ್ತಿತ್ತು. ಬೇಡ ಅಂದ್ರೆ ನೀನು ಒಡೆದು ಹೋಗ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಇನ್ನು ನನ್ನ ಕೈಲಾಗಲ್ಲ."

ಮಗುವಿಗಾಗಿ ತಾನು ಓದು ಬಿಟ್ಟೆ ಎಂದು ಗಂಗಾಂಬಿಕೆ ತಿಳಿದಿದ್ದಳು. ತನಗಾಗಿ ದೇವಕಿ ತನ್ನನ್ನು ಸಹಿಸಿದ್ದಳು. ಎರಡು ವರ್ಷದ ಅರ್ಜಿ ಯಾರಿಗೂ ಬೇಡದ ಭಾನುವಾರಗಳಿಗೆ ಹೋಗಿತ್ತು. "ಆದ್ರೆ ಇವನ ಕಾಲು..." ಎಂದಳು. "ಸರಿಯಾಗಿ ಮಾಡದಿದ್ರೆ ಸೆಟೆದುಕೊಳ್ತದೆ ಕಣೇ. ಒಂದೊಂದೂ ಕ್ರಮ ಇದೆ ಅದಕ್ಕೆ."

"ವಾರಕ್ಕೆ ಏಳು ದಿನ ಅಕ್ಕ. ಉಳಿದ ಆರು ದಿನ ಯಾರು ಮಾಡ್ತಾರೆ ಅಂದ್ಕೊಂಡಿದ್ದೆ?"

ದೇವಕಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಗನ ಎದುರು ಕುಳಿತಳು. ಎಣ್ಣೆ ಬೆಚ್ಚಗೆ ಮಾಡಿ ತಂದಿಟ್ಟಿತ್ತು. ಅಂಗೈಗೆ ಹಚ್ಚಿಕೊಂಡಳು. "ನೀನು ಕೂತು ನೋಡು. ತಪ್ಪಿದ್ರೆ ಹೇಳು" ಎಂದಳು.

ಮೊದಲು ಸೊಂಟ ಸಡಿಲಿಸಿದಳು. ಮಂಡಿಯ ಹಿಂದೆ ಕೈಯಿಟ್ಟು, ಅವಸರ ಮಾಡದೆ, ಹುಡುಗನ ಉಸಿರು ನೋಡಿಕೊಂಡು ಕಾಲು ಬಗ್ಗಿಸಿದಳು, ಬಿಡಿಸಿದಳು. ಹಿಮ್ಮಡಿಯನ್ನು ಅಂಗೈಯಲ್ಲಿ ತುಂಬಿ ಹಿಡಿದು ಪಾದವನ್ನು ಮೇಲಕ್ಕೆ ಒತ್ತಿ, ಒಳಗೊಳಗೇ ಹತ್ತರವರೆಗೆ ಎಣಿಸಿ ಬಿಟ್ಟಳು. ಶಶಾಂಕ ನಗುತ್ತ ಅವಳ ಮುಖವನ್ನೇ ನೋಡುತ್ತಿದ್ದ. ಮೊಣಕೈ, ಮುಂಗೈ, ಆಮೇಲೆ ಮುಷ್ಟಿ ಕಟ್ಟಿಕೊಂಡ ಬೆರಳುಗಳು, ಒಂದೊಂದಾಗಿ. ತಿದ್ದಲು ಒಂದಾದರೂ ತಪ್ಪು ಸಿಗಲಿ ಎಂದು ಗಂಗಾಂಬಿಕೆ ಕೊನೆಯ ಕಿರುಬೆರಳಿನವರೆಗೂ ಕಾದಳು. ಸಿಗಲಿಲ್ಲ.